ಕೆಂಟಕಿ ಗಡಿಯ ಕ್ಷಯ: ಅಷ್ಟು ಜನಕ್ಕೆ ಹರಡಿದ ತಳಿ ನಿಜಕ್ಕೂ ಉಗ್ರವಾಗಿತ್ತೇ?

ಅಮೆರಿಕದ ಕೆಂಟಕಿ ಮತ್ತು ಟೆನೆಸಿ ರಾಜ್ಯಗಳ ಗಡಿಯಲ್ಲಿರುವ ಒಂದು ಹಳ್ಳಿ ಪ್ರದೇಶ. ಅಲ್ಲಿ 1994ರಿಂದ 1996ರ ನಡುವೆ 21 ಜನಕ್ಕೆ ಕ್ಷಯ ಬಂತು. ನಮ್ಮ ಕಣ್ಣಿಗೆ ಇದು ದೊಡ್ಡ ಸಂಖ್ಯೆಯೇನಲ್ಲ. ನಮ್ಮ ಯಾವುದೇ ತಾಲ್ಲೂಕು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಇದಕ್ಕಿಂತ ಜಾಸ್ತಿ ಹೆಸರು ಸಿಗಬಹುದು. ಆದರೆ ಅಲ್ಲಿನವರಿಗೆ ಕ್ಷಯ ಅಂದರೆ ಹೆಚ್ಚುಕಡಿಮೆ ಮರೆತುಹೋದ ಕಾಯಿಲೆ. ಅದಕ್ಕಿಂತ ಸ್ವಲ್ಪ ಮುಂಚೆ ನ್ಯೂಯಾರ್ಕಿನಲ್ಲಿ ಕ್ಷಯ ಹರಡಿದಾಗ ಕಾರಣ ಹುಡುಕುವುದು ಕಷ್ಟವಾಗಿರಲಿಲ್ಲ. ಅಲ್ಲಿ ಎಚ್‌ಐವಿ ಇತ್ತು, ಕಿಕ್ಕಿರಿದ ಜೈಲುಗಳಿದ್ದವು, ಆಸ್ಪತ್ರೆ ವಾರ್ಡುಗಳಿದ್ದವು. ಈ ಹಳ್ಳಿಯ ಜನ ಕ್ಷಯದ ಅಪಾಯ ಕಡಿಮೆ ಇರುವ ಗುಂಪಿಗೆ ಸೇರಿದವರು. ಬಟ್ಟೆ ಹೊಲಿಯುವ ಕಾರ್ಖಾನೆ, ಮನೆ, ನೆಂಟರು, ಪರಿಚಯದವರು, ಇಷ್ಟೇ ಅವರ ಪ್ರಪಂಚ.

ಇಂಥ ಕಡೆ ಇಷ್ಟು ಜನಕ್ಕೆ ಹೇಗೆ ಬಂತು? ಬ್ಯಾಕ್ಟೀರಿಯಾದಲ್ಲೇ ಏನಾದರೂ ವಿಶೇಷವಿತ್ತಾ? ಈ ಪ್ರಶ್ನೆಗೆ ಮೊದಲು ಒಂದು ಉತ್ತರ ಸಿಕ್ಕಿತು. ಒಂದೇ ವರ್ಷದಲ್ಲಿ ಅದು ತಲೆಕೆಳಗಾಯಿತು. ಕ್ಷಯದ ತಳಿಗಳ ನಡುವಿನ ವ್ಯತ್ಯಾಸ ಕಾಯಿಲೆಯನ್ನು ಹೇಗೆ ಬದಲಿಸುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ.

ಹಿಂದಕ್ಕೆ ಹುಡುಕಿಕೊಂಡು ಹೋದದ್ದು

ತನಿಖೆ ಮಾಡಿದ್ದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ. ಸಾರಾ ವಾಲ್ವೇ ಮತ್ತು ಜೊತೆಗಾರರು ಬರೆದ ವರದಿ 1998ರಲ್ಲಿ ಪ್ರಕಟವಾಯಿತು. ಮೊದಲು ಪತ್ತೆಯಾದ ರೋಗಿಯೇ ಕಾಯಿಲೆಯ ಮೂಲ ಆಗಿರಲಿಲ್ಲ. ಅವರಿಗೆ ಹಚ್ಚಿದವರು ಬೇರೆ ಒಬ್ಬರು. ಈ ಇಬ್ಬರು ಮತ್ತು ಇನ್ನೊಬ್ಬ ರೋಗಿ, ಒಟ್ಟು ಮೂವರಿಂದ ಉಳಿದ 18 ಜನಕ್ಕೆ ಹರಡಿತ್ತು. ಆ ಪೈಕಿ ಐದು ಜನ ರೋಗಿಯ ಜೊತೆ ಇದ್ದದ್ದು ಬಹಳ ಸ್ವಲ್ಪ ಹೊತ್ತು. ಒಂದೇ ಮನೆಯವರಲ್ಲ, ದಿನವಿಡೀ ಪಕ್ಕದಲ್ಲಿ ಕೂತವರೂ ಅಲ್ಲ. ಕ್ಷಯ ಸಾಮಾನ್ಯವಾಗಿ ಹೀಗೆ ಹರಡುವುದಿಲ್ಲ. ಅದಕ್ಕೆ ಮುಚ್ಚಿದ ಜಾಗ ಬೇಕು, ದಿನಗಟ್ಟಲೆ ಒಡನಾಟ ಬೇಕು.

ಎಲ್ಲರಿಗೂ ಬಂದದ್ದು ಒಂದೇ ತಳಿ ಎಂದು ಹೇಗೆ ಗೊತ್ತಾಯಿತು? 15 ಜನರ ಕಫದಲ್ಲಿ ಬ್ಯಾಕ್ಟೀರಿಯಾ ಬೆಳೆಯಿತು. ಅದರಲ್ಲಿ 13 ಮಾದರಿ ಪರೀಕ್ಷೆಗೆ ಸಿಕ್ಕವು. ಹದಿಮೂರರ ಡಿಎನ್‌ಎ ಬೆರಳಚ್ಚೂ ಒಂದೇ. ಆ ಕಾಲದ ಈ ಬೆರಳಚ್ಚು ವಿಧಾನ ನಿಂತಿದ್ದು ಐಎಸ್6110 ಎಂಬ ಒಂದು ಚಿಕ್ಕ ಡಿಎನ್‌ಎ ತುಣುಕಿನ ಮೇಲೆ. ಈ ತುಣುಕು ಬ್ಯಾಕ್ಟೀರಿಯಾದ ಜೀನೋಮಿನಲ್ಲಿ, ಅಂದರೆ ಅದರ ಪೂರ್ತಿ ಡಿಎನ್‌ಎಯಲ್ಲಿ, ತನ್ನ ಪ್ರತಿಗಳನ್ನು ಅಲ್ಲಲ್ಲಿ ಸೇರಿಸಿಕೊಳ್ಳುತ್ತದೆ. ಎಷ್ಟು ಪ್ರತಿ, ಯಾವ ಯಾವ ಜಾಗದಲ್ಲಿ ಎಂಬುದು ತಳಿಯಿಂದ ತಳಿಗೆ ಬದಲಾಗುತ್ತದೆ. ಡಿಎನ್‌ಎಯನ್ನು ಕತ್ತರಿಸಿ ಜೆಲ್ ಮೇಲೆ ಓಡಿಸಿದರೆ ಪಟ್ಟಿಗಳು ಕಾಣುತ್ತವೆ. ಪಟ್ಟಿಗಳು ಸರಿಸಮ ಬಂದರೆ ತಳಿ ಒಂದೇ. (ನಮ್ಮ ಕಡೆ ಇದೇ ವಿಧಾನ ಬಳಸಿದ್ದರೆ ತನಿಖೆ ಎಡವುತ್ತಿತ್ತು. ದಕ್ಷಿಣ ಭಾರತದ ಹಲವು ತಳಿಗಳಲ್ಲಿ ಈ ತುಣುಕಿನ ಒಂದೇ ಒಂದು ಪ್ರತಿ ಇರುತ್ತದೆ, ಕೆಲವದರಲ್ಲಿ ಅದೂ ಇಲ್ಲ. ಎಲ್ಲ ಬೆರಳಚ್ಚೂ ಒಂದೇ ಥರ ಕಂಡರೆ ಯಾರಿಂದ ಯಾರಿಗೆ ಹೋಯಿತು ಎಂದು ಹೇಳುವುದು ಹೇಗೆ?)

ಎಲ್ಲರನ್ನೂ ಬೆಚ್ಚಿಸಿದ್ದು ಇನ್ನೊಂದು ಸಂಖ್ಯೆ. ರೋಗಿಗಳ ಸಂಪರ್ಕಕ್ಕೆ ಬಂದ 429 ಜನಕ್ಕೆ ಚರ್ಮದ ಪರೀಕ್ಷೆ ಮಾಡಿದರು. ನಮ್ಮಲ್ಲಿ ಮಾಂಟೂ ಎಂದು ಕರೆಯುವ ಪರೀಕ್ಷೆಯೇ ಇದು. ಮುಂಗೈಗೆ ಟ್ಯೂಬರ್‌ಕ್ಯುಲಿನ್ ಚುಚ್ಚಿ, ಎರಡು ಮೂರು ದಿನ ಬಿಟ್ಟು, ಎದ್ದ ಗಟ್ಟಿ ಬಾವನ್ನು ಸ್ಕೇಲಿನಲ್ಲಿ ಅಳೆಯುತ್ತಾರೆ. 311 ಜನಕ್ಕೆ, ಅಂದರೆ ನೂರಕ್ಕೆ 72 ಜನಕ್ಕೆ ಪಾಸಿಟಿವ್ ಬಂತು. ಅವರಲ್ಲಿ 86 ಜನರ ಪರೀಕ್ಷೆ ಹಿಂದೆ ನೆಗೆಟಿವ್ ಇದ್ದದ್ದು ಈಗ ಪಾಸಿಟಿವ್ ಆಗಿದೆ ಎಂಬುದಕ್ಕೆ ದಾಖಲೆಯೂ ಇತ್ತು.

ನಮ್ಮಲ್ಲಿ 72 ಬಂದಿದ್ದರೆ ಯಾರೂ ಅಷ್ಟಾಗಿ ತಲೆಕೆಡಿಸಿಕೊಳ್ಳುತ್ತಿರಲಿಲ್ಲವೇನೋ. ನಮಗೆಲ್ಲ ಹುಟ್ಟಿದ ಕೂಡಲೇ ಕ್ಷಯದ ಲಸಿಕೆ ಬಿಸಿಜಿ ಹಾಕುತ್ತಾರೆ. ಅದರಿಂದಲೂ ಈ ಪರೀಕ್ಷೆ ಪಾಸಿಟಿವ್ ಬರಬಹುದು. ಜೊತೆಗೆ ಕ್ಷಯದ ಸೋಂಕು ಒಳಗೇ ಮಲಗಿರುವವರು ಇಲ್ಲಿ ಕೋಟಿಗಟ್ಟಲೆ. 2019-21ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 15 ವರ್ಷ ದಾಟಿದವರಲ್ಲಿ ನೂರಕ್ಕೆ ಸುಮಾರು 31 ಜನರಿಗೆ ಸೋಂಕು ಇದೆ. ಅಮೆರಿಕದಲ್ಲಿ ಬಿಸಿಜಿ ಎಲ್ಲರಿಗೂ ಹಾಕುವ ಪದ್ಧತಿಯಿಲ್ಲ, ಸೋಂಕೂ ಕಡಿಮೆ. ಹಾಗಾಗಿ ಅಲ್ಲಿ ಪಾಸಿಟಿವ್ ಬಂತು ಅಂದರೆ ಬ್ಯಾಕ್ಟೀರಿಯಾ ಮೈಯೊಳಗೆ ಹೊಕ್ಕಿದೆ ಎಂದೇ ಓದುತ್ತಾರೆ.

ಇಲಿಗಳ ಶ್ವಾಸಕೋಶದಲ್ಲಿ ಒಂದು ಕೋಟಿ

ಈ ತಳಿಗೆ ಸಿಡಿಸಿ1551 ಎಂದು ಹೆಸರಾಯಿತು. ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಇಯಾನ್ ಓರ್ಮ್ ಅದನ್ನು ಇಲಿಗಳಲ್ಲಿ ಪರೀಕ್ಷಿಸಿದರು. ಹೋಲಿಕೆಗೆ ಎರ್ಡ್‌ಮನ್ ಎಂಬ ತಳಿ ಇತ್ತು. ಅದು ಪ್ರಯೋಗಾಲಯಗಳಲ್ಲಿ ದಶಕಗಳಿಂದ ಇರುವ ತಳಿ, ಅದೂ ಉಗ್ರವೆಂದೇ ಹೆಸರಾದದ್ದು. ಹತ್ತು ದಿನಕ್ಕೆ ಎರ್ಡ್‌ಮನ್ ತಗುಲಿದ ಇಲಿಯ ಶ್ವಾಸಕೋಶದಲ್ಲಿ ಸುಮಾರು 1,000 ಬ್ಯಾಕ್ಟೀರಿಯಾ ಇದ್ದವು. ಹೊಸ ತಳಿಯಿದ್ದಲ್ಲಿ 10,000. ಇಪ್ಪತ್ತು ದಿನಕ್ಕೆ ಎರ್ಡ್‌ಮನ್ 10,000ಕ್ಕೆ ಏರಿತ್ತು. ಹೊಸ ತಳಿ ಸುಮಾರು ಒಂದು ಕೋಟಿ ಮುಟ್ಟಿತ್ತು.

ಒಂದು ಸಾವಿರ ಪಟ್ಟು ವ್ಯತ್ಯಾಸ! ವರದಿ ತನ್ನ ಮಾತನ್ನು ಎಚ್ಚರದಿಂದಲೇ ಹೇಳಿತು. ಇಷ್ಟು ಹರಡಲು ಜಾಗವೋ ರೋಗಿಗಳ ಗುಣವೋ ಕಾರಣ ಅಲ್ಲದಿರಬಹುದು, ತಳಿಯ ಉಗ್ರತೆಯೇ ಕಾರಣ ಇರಬಹುದು ಎಂದಿತು. ಆದರೆ ಇಂಥ ಅಂಕಿ ನೋಡಿದ ಮೇಲೆ ಆ 'ಇರಬಹುದು' ಯಾರ ನೆನಪಿನಲ್ಲಿ ಉಳಿಯುತ್ತದೆ? ಸಿಡಿಸಿ1551 ಭಯಂಕರ ತಳಿ ಎಂದು ಹೆಸರು ಮಾಡಿತು. ಅದರ ಪೂರ್ತಿ ಜೀನೋಮ್ ಓದುವ ಕೆಲಸವೂ ನಡೆಯಿತು, 2002ರಲ್ಲಿ ಪ್ರಕಟವಾಯಿತು.

ಹೊಸ ತಳಿಯನ್ನು ಹೋಲಿಸಲು ಎಚ್37ಆರ್‌ವಿ ಎಂಬ ತಳಿಯ ಜೀನೋಮ್ 1998ರಲ್ಲೇ ಸಿದ್ಧವಾಗಿತ್ತು. ಸುಮಾರು 44 ಲಕ್ಷ ಡಿಎನ್‌ಎ ಅಕ್ಷರ, ಹೆಚ್ಚುಕಡಿಮೆ 4,000 ಜೀನು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಒಂದೊಂದೇ ಅಕ್ಷರ ಬದಲಾದ ಜಾಗಗಳು ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಸಿಕ್ಕವು. ಜೊತೆಗೆ ಕೆಲವು ದೊಡ್ಡ ತುಣುಕುಗಳು ಒಂದರಲ್ಲಿದ್ದು ಇನ್ನೊಂದರಲ್ಲಿ ಇರಲಿಲ್ಲ. 44 ಲಕ್ಷದಲ್ಲಿ ಒಂದು ಸಾವಿರ ಅಂದರೆ ಬಹಳ ಕಡಿಮೆ. ಕ್ಷಯದ ಬ್ಯಾಕ್ಟೀರಿಯಾ ಬೇರೆ ಬ್ಯಾಕ್ಟೀರಿಯಾಗಳ ಹಾಗೆ ಅಕ್ಕಪಕ್ಕದವುಗಳ ಜೊತೆ ಜೀನು ಅದಲುಬದಲು ಮಾಡಿಕೊಳ್ಳುವುದಿಲ್ಲ. ತಾಯಿಯಿಂದ ಮಗಳಿಗೆ ನೇರ ನಕಲು, ನಡುವೆ ಅಪರೂಪಕ್ಕೆ ಒಂದು ತಪ್ಪು. ಹೀಗಾಗಿ ಕ್ಷಯದ ತಳಿಗಳೆಲ್ಲ ಒಂದೇ, ಕಾಯಿಲೆ ಹೇಗಾಗುತ್ತದೆ ಎಂಬುದು ರೋಗಿಯ ಮೈ ಮತ್ತು ಬಡತನದ ಮೇಲೆ ಮಾತ್ರ ಎಂದು ತುಂಬಾ ಜನ ನಂಬಿದ್ದರು.

ಒಂದು ವರ್ಷದ ನಂತರ

1999ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಗಿಲ್ಲಾ ಕಪ್ಲಾನ್ ಅವರ ಪ್ರಯೋಗಾಲಯದಿಂದ ಇನ್ನೊಂದು ಪ್ರಬಂಧ ಬಂತು. ಮೊದಲ ಲೇಖಕಿ ಕ್ಲಾಡಿಯಾ ಮಾಂಕಾ. ಇವರೂ ಇಲಿಗಳಿಗೆ ಸಿಡಿಸಿ1551 ಉಸಿರಾಡಿಸಿದರು. ಆದರೆ ರೋಗಿಗಳಿಂದ ಬಂದ ಬೇರೆ ತಳಿಗಳನ್ನೂ ಪಕ್ಕದಲ್ಲಿ ಇಟ್ಟುಕೊಂಡರು. ಇಪ್ಪತ್ತು ದಿನಕ್ಕೆ ನಿಲ್ಲಿಸದೆ ಇಲಿಗಳು ಸಾಯುವ ತನಕ ಕಾದರು.

ಫಲಿತಾಂಶ ಉಲ್ಟಾ. ಸಿಡಿಸಿ1551 ತಗುಲಿದ ಇಲಿಗಳ ಶ್ವಾಸಕೋಶದಲ್ಲಿ ಗಂಟುಗಳು ಬೇಗ ಕಟ್ಟಿಕೊಂಡವು, ದೊಡ್ಡದಾಗಿಯೂ ಕಟ್ಟಿಕೊಂಡವು. ಈ ಗಂಟುಗಳು ಕೆಟ್ಟ ಲಕ್ಷಣ ಅಂತಲೇ ಅಲ್ಲ. ಬ್ಯಾಕ್ಟೀರಿಯಾವನ್ನು ಸುತ್ತುವರಿದು ಕಟ್ಟಿಹಾಕಲು ಮೈ ಕಟ್ಟುವ ಗೋಡೆ ಅವು. ಆಮೇಲೆ ಬ್ಯಾಕ್ಟೀರಿಯಾಗಳ ಸಂಖ್ಯೆ ಹತೋಟಿಗೆ ಬಂತು. ಎಚ್‌ಎನ್878 ಎಂಬ ಇನ್ನೊಂದು ತಳಿ ತಗುಲಿದ ಇಲಿಗಳು ಬೇಗ ಸತ್ತವು. ಸಿಡಿಸಿ1551ರ ಇಲಿಗಳು ಅವಕ್ಕಿಂತ ಜಾಸ್ತಿ ದಿನ ಬದುಕಿದವು. ಅದೇ ವರ್ಷ ಮೊಲಗಳಲ್ಲಿ ನಡೆದ ಬೇರೊಂದು ಪ್ರಯೋಗದಲ್ಲೂ ಸಿಡಿಸಿ1551 ಹೆಚ್ಚು ಉಗ್ರ ಎಂದು ಕಾಣಲಿಲ್ಲ.

ಮನುಷ್ಯರ ರಕ್ತದಿಂದ ತೆಗೆದ ಬಿಳಿಕಣಗಳ ಮೇಲೆ ಇದೇ ತಳಿಯನ್ನು ಬಿಟ್ಟಾಗ ಕಾರಣ ಕಾಣಿಸಿತು. ಬಿಳಿಕಣಗಳು ಟಿಎನ್‌ಎಫ್, ಐಎಲ್-12 ಮುಂತಾದ ಎಚ್ಚರಿಕೆಯ ರಾಸಾಯನಿಕಗಳನ್ನು ಬೇಗನೆ, ಜಾಸ್ತಿ ಪ್ರಮಾಣದಲ್ಲಿ ಸುರಿಸಿದವು. ಇದನ್ನು ಕೆರಳಿಸಿದ್ದು ಬ್ಯಾಕ್ಟೀರಿಯಾದ ಹೊರಪದರದ ಕೊಬ್ಬಿನ ಅಂಶ. ಗಲಾಟೆ ಮಾಡಿ ಊರನ್ನೆಲ್ಲ ಎಬ್ಬಿಸುವ ಕಳ್ಳನ ಥರ ಈ ತಳಿ. ಊರು ಎದ್ದರೆ ಹಿಡಿದುಹಾಕುತ್ತದೆ.

ಈಗ ಹಳ್ಳಿಯ 311 ಪಾಸಿಟಿವ್‌ಗಳನ್ನು ಮತ್ತೆ ನೋಡಿ. ಚರ್ಮದ ಪರೀಕ್ಷೆ ಅಳೆಯುವುದು ಬ್ಯಾಕ್ಟೀರಿಯಾವನ್ನಲ್ಲ. ಅದು ಅಳೆಯುವುದು ಮೈ ಎಷ್ಟು ಎಚ್ಚೆತ್ತಿದೆ ಎಂಬುದನ್ನು. ಎಲ್ಲರನ್ನೂ ಎಬ್ಬಿಸುವ ತಳಿ ಬಂದರೆ ಪಾಸಿಟಿವ್ ಸಹಜವಾಗಿಯೇ ಜಾಸ್ತಿ ಬರುತ್ತದೆ ಅಲ್ವಾ? ಬೇರೆ ತಳಿ ಬಂದಿದ್ದರೆ ಅಷ್ಟೇ ಜನಕ್ಕೆ ಸೋಂಕು ತಗುಲಿದ್ದರೂ ಪರೀಕ್ಷೆಯಲ್ಲಿ ಅಷ್ಟು ಎದ್ದು ಕಾಣದೆ ಹೋಗಬಹುದಿತ್ತು. ಕಪ್ಲಾನ್ ತಂಡ ಬೊಟ್ಟು ಮಾಡಿದ್ದು ಈ ಕಡೆಗೇ.

ಇದರ ಜೊತೆ ನನ್ನದೊಂದು ಒರಟು ಲೆಕ್ಕ ಇದೆ. 311 ಪಾಸಿಟಿವ್ ಮುಂದೆ ಕಾಯಿಲೆ ಬಂದವರು 18 ಜನ, ಅಂದರೆ ನೂರಕ್ಕೆ ಸುಮಾರು ಆರು. ಕ್ಷಯದ ಸೋಂಕು ಇರುವ ಆರೋಗ್ಯವಂತರಲ್ಲಿ ಜೀವಮಾನದಲ್ಲಿ ನೂರಕ್ಕೆ ಐದರಿಂದ ಹತ್ತು ಜನಕ್ಕೆ ಕಾಯಿಲೆ ಬರುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಅಷ್ಟಕ್ಕೇ ಇದನ್ನು ಸಾಧಾರಣ ತಳಿ ಎನ್ನಲು ಬರುವುದಿಲ್ಲ, ನಿಜ. ಇವರಿಗೆ ಕಾಯಿಲೆ ಬಂದದ್ದು ಎರಡು ಮೂರು ವರ್ಷದ ಒಳಗೆ. ಅಮೆರಿಕದಲ್ಲಿ ಸೋಂಕಿತರಿಗೆ ಕಾಯಿಲೆ ಬಾರದಂತೆ ಮಾತ್ರೆ ಕೊಡುವ ರೂಢಿಯೂ ಇದೆ. ಆದರೂ 'ಕೊಲ್ಲುವ ಹೊಸ ಕ್ಷಯ' ಎಂದು ಕೂಗುವಂಥ ಅಂಕಿ ಇದಲ್ಲ.

ಹಾಗಾದರೆ ಮೊದಲ ಪ್ರಯೋಗ ಸುಳ್ಳಾ? ಇಲ್ಲ. ಮೊದಲ ಇಪ್ಪತ್ತು ದಿನ ನೋಡಿದರೆ ಬರುವ ಉತ್ತರ ಬೇರೆ, ತಿಂಗಳುಗಟ್ಟಲೆ ನೋಡಿದರೆ ಬರುವ ಉತ್ತರ ಬೇರೆ. ಇಲಿಯ ಮೈಯಲ್ಲಿ ಕ್ಷಯದ ವಿರುದ್ಧದ ಟಿ ಕಣಗಳ (ರೋಗಾಣುವನ್ನು ಗುರುತು ಹಿಡಿದು ಹೋರಾಡುವ ಒಂದು ಬಗೆಯ ಬಿಳಿಕಣಗಳ) ಪೂರ್ತಿ ಕೆಲಸ ಶುರುವಾಗುವುದು ಮೂರು ನಾಲ್ಕು ವಾರಕ್ಕೆ. ಹೋಲಿಕೆಗೆ ಇಟ್ಟ ತಳಿ ಯಾವುದು ಎಂಬುದೂ ಉತ್ತರ ಬದಲಿಸುತ್ತದೆ. ನನಗೆ ಅನ್ನಿಸುವುದು ಇಷ್ಟು. ಬೇಗ ಬೆಳೆಯುವುದು, ಬೇಗ ಹರಡುವುದು, ಕಾಯಿಲೆ ತರುವುದು, ಕೊಲ್ಲುವುದು, ಇವೆಲ್ಲ ಒಂದೇ ಗುಣವಲ್ಲ. ಒಂದು ತಳಿಗೆ ಇವುಗಳಲ್ಲಿ ಒಂದು ಜಾಸ್ತಿ ಇದ್ದು ಇನ್ನೊಂದು ಕಡಿಮೆ ಇರಬಹುದು.

ಸದ್ದು ಮಾಡದ ತಳಿ

ಎಚ್‌ಎನ್878 ಬಂದದ್ದು ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್‌ನಿಂದ. 1990ರ ದಶಕದಲ್ಲಿ ಅಲ್ಲಿ ಮೂರು ಕಡೆ ಕ್ಷಯ ಹರಡಲು ಈ ತಳಿ ಕಾರಣವಾಗಿತ್ತು. ಇದು ಬೀಜಿಂಗ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ್ದು. ಇಲಿಗಳಲ್ಲಿ ಇದರ ನಡವಳಿಕೆ ಸಿಡಿಸಿ1551ಕ್ಕೆ ಪೂರ್ತಿ ವಿರುದ್ಧ. ಕ್ಷಯವನ್ನು ಹತ್ತಿಕ್ಕಬಲ್ಲ ಟಿ ಕಣಗಳ ಪ್ರತಿಕ್ರಿಯೆ ಸರಿಯಾಗಿ ಏಳುವುದೇ ಇಲ್ಲ. ಬದಲಿಗೆ ವೈರಸ್ ಬಂದಾಗ ಮೈ ಬಿಡುವ ಇಂಟರ್‌ಫೆರಾನ್ ಏರುತ್ತದೆ. ಕ್ಷಯದ ಮುಂದೆ ಅದರಿಂದ ಲಾಭವಿಲ್ಲ, ತೊಂದರೆಯೇ ಜಾಸ್ತಿ.

2004ರಲ್ಲಿ ಇದರ ಹಿಂದಿನ ಒಂದು ಜೀನು ಸಿಕ್ಕಿತು. ಎಚ್‌ಎನ್878ರ ಹೊರಪದರದಲ್ಲಿ ಫಿನಾಲಿಕ್ ಗ್ಲೈಕೋಲಿಪಿಡ್ ಎಂಬ ಕೊಬ್ಬು ಇದೆ. ಅದನ್ನು ತಯಾರಿಸಲು ಪಿಕೆಎಸ್15/1 ಎಂಬ ಜೀನು ಬೇಕು. ಆ ಜೀನು ಕೆಡಿಸಿದಾಗ ತಳಿಯ ಉಗ್ರತೆ ಇಳಿಯಿತು. ಬಿಳಿಕಣಗಳು ಎಚ್ಚರಿಕೆಯ ರಾಸಾಯನಿಕ ಸುರಿಸದಂತೆ ಈ ಕೊಬ್ಬು ತಡೆಯುತ್ತದೆ ಎಂದೂ ತೋರಿತು. ಎಚ್37ಆರ್‌ವಿ ಸೇರಿದ ಯೂರೋಪು-ಅಮೆರಿಕ ಕುಟುಂಬದಲ್ಲಿ ಈ ಜೀನು ಮುರಿದಿದೆ. ಏಳೇ ಏಳು ಅಕ್ಷರ ಬಿಟ್ಟುಹೋಗಿವೆ, ಅಷ್ಟಕ್ಕೆ ಆ ಕೊಬ್ಬು ತಯಾರಾಗುವುದಿಲ್ಲ. ಸಿಡಿಸಿ1551 ಕೂಡ ಇದೇ ಕುಟುಂಬದ್ದು. 44 ಲಕ್ಷದಲ್ಲಿ ಏಳು ಅಕ್ಷರ! ತಳಿಗಳೆಲ್ಲ ಹೆಚ್ಚುಕಡಿಮೆ ಒಂದೇ ಎಂಬ ಹಳೆಯ ನಂಬಿಕೆ ಸಡಿಲವಾಗಿದ್ದು ಇಂಥ ಉದಾಹರಣೆಗಳಿಂದ.

ಒಂದು ಜೀನು ಹಿಡಿದರೆ ಎಲ್ಲ ಸಿಕ್ಕಿತು ಎಂದುಕೊಳ್ಳುವ ಹಾಗೂ ಇಲ್ಲ. 2008ರಲ್ಲಿ ಎಚ್37ಆರ್‌ವಿಗೆ ಈ ಕೊಬ್ಬು ತಯಾರಿಸುವ ಶಕ್ತಿ ಕೊಟ್ಟು ನೋಡಿದರು. ಅದು ಉಗ್ರವಾಗಲಿಲ್ಲ. ಅಂದರೆ ಬೀಜಿಂಗ್ ಕುಟುಂಬದಲ್ಲಿ ಈ ಕೊಬ್ಬಿನ ಜೊತೆ ಬೇರೆ ಏನೇನೋ ಸೇರಿ ಕೆಲಸ ಮಾಡುತ್ತಿದೆ.

ಇನ್ನೂ ಒಂದು ತಿರುವು ಇದೆ. ಮೈಯನ್ನು ಎಬ್ಬಿಸುವುದು ಬ್ಯಾಕ್ಟೀರಿಯಾಗೆ ನಷ್ಟ ಎಂದೇ ನಾವು ಲೆಕ್ಕ ಹಾಕುತ್ತೇವೆ. ಆದರೆ ಕ್ಷಯ ಹೆಚ್ಚಾಗಿ ಹರಡುವುದು ಶ್ವಾಸಕೋಶದಲ್ಲಿ ತೂತು ಬಿದ್ದಾಗ. ಆ ತೂತು ಕೊರೆಯುವುದರಲ್ಲಿ ನಮ್ಮ ಮೈಯ ಪ್ರತಿಕ್ರಿಯೆಯದೇ ದೊಡ್ಡ ಪಾಲು. 2010ರಲ್ಲಿ ಜಗತ್ತಿನ ಬೇರೆ ಬೇರೆ ಭಾಗದ 21 ತಳಿಗಳ ಜೀನೋಮ್ ಹೋಲಿಸಿದಾಗ ವಿಚಿತ್ರವಾದದ್ದೊಂದು ಕಂಡಿತು. ನಮ್ಮ ಟಿ ಕಣಗಳು ಗುರುತು ಹಿಡಿಯುವ ಭಾಗಗಳೇ ಬ್ಯಾಕ್ಟೀರಿಯಾದಲ್ಲಿ ಎಲ್ಲಕ್ಕಿಂತ ಕಡಿಮೆ ಬದಲಾಗಿದ್ದವು. ಬಹಳಷ್ಟು ರೋಗಾಣುಗಳು ಗುರುತು ಸಿಗದಂತೆ ವೇಷ ಬದಲಿಸುತ್ತವೆ. ಇದು ಗುರುತು ಸಿಗಲಿ ಎಂದೇ ಕೂತಹಾಗಿದೆ. ಹಾಗೆ ನೋಡಿದರೆ ಸಿಡಿಸಿ1551 ಕೊಲ್ಲುವುದರಲ್ಲಿ ಹಿಂದಿದ್ದರೂ ಹರಡುವುದರಲ್ಲಿ ಮುಂದೆ ಇದ್ದಿರಬಹುದು. ಇದು ಊಹೆ. ಆ ಹಳ್ಳಿಯಲ್ಲಿ ಮೂವರು ರೋಗಿಗಳು ಎಷ್ಟು ಕೆಮ್ಮಿದರು, ಕಾರ್ಖಾನೆಯ ಗಾಳಿ ಎಷ್ಟು ಆಡುತ್ತಿತ್ತು ಎಂಬುದನ್ನು ಇಲಿಯ ಪಂಜರದಲ್ಲಿ ಅಳೆಯಲು ಬರುವುದಿಲ್ಲವಲ್ಲ.

ಮದರಾಸಿನ ಗಿನಿಪಿಗ್, ಬೆಂಗಳೂರಿನ ಹಳ್ಳಿ

ಇದೇ ಗೊಂದಲ ನಮ್ಮ ಪಕ್ಕದಲ್ಲೇ ಮೂವತ್ತೈದು ವರ್ಷ ಮುಂಚೆ ಎದ್ದಿತ್ತು. 1956ರಲ್ಲಿ ಮದರಾಸಿನಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿನ ರೋಗಿಗಳ ಬ್ಯಾಕ್ಟೀರಿಯಾವನ್ನೂ ಬ್ರಿಟಿಷ್ ರೋಗಿಗಳ ಬ್ಯಾಕ್ಟೀರಿಯಾವನ್ನೂ ಡೆನಿಸ್ ಮಿಚಿಸನ್ ಮತ್ತು ಜೊತೆಗಾರರು ಗಿನಿಪಿಗ್‌ಗಳಿಗೆ ಚುಚ್ಚಿ ಹೋಲಿಸಿದರು. 1960ರ ಸುಮಾರಿಗೆ ಬಂದ ಫಲಿತಾಂಶ ಸ್ಪಷ್ಟವಿತ್ತು. ದಕ್ಷಿಣ ಭಾರತದ ತಳಿಗಳು ಗಿನಿಪಿಗ್‌ಗಳಲ್ಲಿ ಸರಾಸರಿಯಾಗಿ ಸಾಕಷ್ಟು ಸೌಮ್ಯ. ಡಿಎನ್‌ಎ ಬೆರಳಚ್ಚು ಬರುವುದಕ್ಕೆ ಎಷ್ಟೋ ಮುಂಚಿನ ಮಾತು ಇದು. ಇಲ್ಲಿ ಹೆಚ್ಚಾಗಿರುವುದು ಹಿಂದೂ ಮಹಾಸಾಗರದ ಸುತ್ತಲಿನ ಹಳೆಯ ಕುಟುಂಬ, ಅಂದರೆ ಒಂದನೇ ವಂಶ ಎಂದು ಆಮೇಲೆ ಗೊತ್ತಾಯಿತು.

ಗಿನಿಪಿಗ್‌ಗೆ ಸೌಮ್ಯ ಸರಿ, ಮನುಷ್ಯರಿಗೆ? ಉತ್ತರ ಬೆಂಗಳೂರಿನಲ್ಲಿದೆ. 1959ರಲ್ಲಿ ಶುರುವಾದ ಇಲ್ಲಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1961ರಿಂದ 1968ರ ತನಕ ಬೆಂಗಳೂರು ಜಿಲ್ಲೆಯ ಹಳ್ಳಿಗಳನ್ನು ಮತ್ತೆ ಮತ್ತೆ ಸಮೀಕ್ಷೆ ಮಾಡಿತು. ಹಳ್ಳಿಗಳಿಗೆ ಕ್ಷಯದ ಔಷಧಿ ಸರಿಯಾಗಿ ಮುಟ್ಟಿರದ ಕಾಲ ಅದು. ಮೊದಲ ಸುತ್ತಿನಲ್ಲಿ ಸಿಕ್ಕ ರೋಗಿಗಳಲ್ಲಿ ಐದು ವರ್ಷದ ಒಳಗೆ ನೂರಕ್ಕೆ ಸುಮಾರು 49 ಜನ ಸತ್ತಿದ್ದರು. 32 ಜನಕ್ಕೆ ತಾನಾಗಿಯೇ ವಾಸಿಯಾಗಿತ್ತು. 18 ಜನರ ಕಫದಲ್ಲಿ ಇನ್ನೂ ಬ್ಯಾಕ್ಟೀರಿಯಾ ಇತ್ತು. ಆ ಹಳ್ಳಿಗಳ ಬ್ಯಾಕ್ಟೀರಿಯಾದ ವಂಶ ಆಗ ಯಾರೂ ನೋಡಿರಲಿಲ್ಲ, ನೋಡುವ ಸಾಧನವೂ ಇರಲಿಲ್ಲ. ಆದರೆ ಗಿನಿಪಿಗ್ ಕೊಟ್ಟ 'ಸೌಮ್ಯ' ಎಂಬ ಸರ್ಟಿಫಿಕೇಟನ್ನು ಈ ಅಂಕಿಯ ಪಕ್ಕ ಇಟ್ಟು ನೋಡಿ.

ಮನುಷ್ಯರಲ್ಲೇ ವ್ಯತ್ಯಾಸ ನೇರವಾಗಿ ಕಂಡದ್ದು ಗ್ಯಾಂಬಿಯಾದಲ್ಲಿ. ಪಶ್ಚಿಮ ಆಫ್ರಿಕಾದಲ್ಲಿ ಆಫ್ರಿಕಾನಮ್ ಎಂಬ ಕ್ಷಯದ ವಂಶ ಇದೆ. 2008ರ ಅಧ್ಯಯನವೊಂದರಲ್ಲಿ ರೋಗಿಗಳ ಮನೆಯವರನ್ನು ಎರಡು ವರ್ಷ ಗಮನಿಸಿದರು. ಆಫ್ರಿಕಾನಮ್ ಇರುವ ರೋಗಿಯ ಮನೆಯಲ್ಲೂ ಸಾಮಾನ್ಯ ಕ್ಷಯದ ರೋಗಿಯ ಮನೆಯಲ್ಲೂ ಸೋಂಕು ಹರಡಿದ ಪ್ರಮಾಣ ಒಂದೇ ಥರ. ಕಾಯಿಲೆಯಾಗಿ ತಿರುಗಿದ್ದು ಮಾತ್ರ ಬೇರೆ. ಆಫ್ರಿಕಾನಮ್ ಮನೆಗಳಲ್ಲಿ ನೂರಕ್ಕೆ 1, ಸಾಮಾನ್ಯ ಕ್ಷಯದ ಮನೆಗಳಲ್ಲಿ 2.9, ಬೀಜಿಂಗ್ ಕುಟುಂಬದ್ದಾದರೆ 5.6. ಹರಡುವುದು ಬೇರೆ, ಕಾಯಿಲೆ ತರುವುದು ಬೇರೆ ಎಂಬುದಕ್ಕೆ ಇಷ್ಟು ಚೊಕ್ಕ ಪುರಾವೆ ಕೆಂಟಕಿಯಲ್ಲಿ ಸಿಕ್ಕಿರಲಿಲ್ಲ. ಅಲ್ಲಿ ಇದ್ದದ್ದು ಒಂದೇ ತಳಿ, ಪಕ್ಕದಲ್ಲಿ ಇಟ್ಟು ನೋಡಲು ಇನ್ನೊಂದು ಇರಲಿಲ್ಲ.

ಇದನ್ನೆಲ್ಲ ಓದಿದ ಮೇಲೆ ಕ್ಷಯ ಬಂದವರು ತಮ್ಮ ತಳಿ ಯಾವುದೆಂದು ಡಾಕ್ಟರನ್ನು ಕೇಳಬೇಕಾ? ಬೇಡ. ಬೀಜಿಂಗ್ ಇರಲಿ, ಒಂದನೇ ವಂಶ ಇರಲಿ, ಔಷಧಿಗೆ ಬಗ್ಗುವ ಕ್ಷಯಕ್ಕೆ ಕೊಡುವುದು ಅದೇ ಆರು ತಿಂಗಳ ಮಾತ್ರೆ. ವಂಶ ನೋಡಿ ಚಿಕಿತ್ಸೆ ಬದಲಿಸುವ ಪದ್ಧತಿ ಎಲ್ಲೂ ಇಲ್ಲ. ಕೇಳಬೇಕಾದದ್ದು ಬೇರೆ: ನನ್ನ ಬ್ಯಾಕ್ಟೀರಿಯಾ ರಿಫಾಂಪಿಸಿನ್ ಔಷಧಿಗೆ ಬಗ್ಗುತ್ತದಾ ಇಲ್ವಾ? ಅದನ್ನು ಕಫದ ಸಿಬಿನಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆ ಕೆಲವು ಗಂಟೆಗಳಲ್ಲಿ ಹೇಳುತ್ತದೆ. ಇವು ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಇನ್ನು ಸಿಡಿಸಿ1551 ಇವತ್ತು ಹಲವು ದೇಶಗಳ ಪ್ರಯೋಗಾಲಯಗಳಲ್ಲಿದೆ. ಬೇರೆ ತಳಿಗಳನ್ನು ಹೋಲಿಸಿ ನೋಡಲು, ಒಂದೊಂದೇ ಜೀನು ಕೆಡಿಸಿ ಅದರ ಕೆಲಸ ಏನೆಂದು ತಿಳಿಯಲು ಅದನ್ನು ಬಳಸುತ್ತಾರೆ.